ಟಿಪ್ಪಣಿಗಳಿಗೆ ಕೊಂಡಿ ಹಾಕುವ ಶ್ರಮ ಸಾರ್ಥಕವೇ, ಹುಡುಕಿದರೆ ಸಾಲದೇ?

ಕಡತಗಟ್ಟು

ತೋಟಗಾರಿಕೆ ಬಗ್ಗೆ ಸುಮಾರು 1200 ಟಿಪ್ಪಣಿಗಳಿವೆ. ಎಲ್ಲವೂ ಮಾರ್ಕ್‌ಡೌನ್ (ಸರಳ ಪಠ್ಯದ) ಕಡತಗಳು, ಬಹುಪಾಲು ಕನ್ನಡದಲ್ಲೇ ಬರೆದವು, ತೆರೆಯುವುದು ಅಬ್ಸಿಡಿಯನ್ ಎಂಬ ಟಿಪ್ಪಣಿ ತಂತ್ರಾಂಶದಲ್ಲಿ. ಬೆಳೆಗೊಂದು ಫೋಲ್ಡರ್: ಅಡಿಕೆ, ಕಾಳುಮೆಣಸು, ಕಾಫಿ, ಏಲಕ್ಕಿ, ಬಾಳೆ. ಒಂದಕ್ಕೊಂದು ಕೊಂಡಿ ಒಂದೂ ಇಲ್ಲ. ವಿಡಿಯೊಗಳಲ್ಲಿ ಎಲ್ಲರೂ ಜೇಡರ ಬಲೆಯಂಥ ಗ್ರಾಫ್ ತೋರಿಸಿ ‘ನೋಡಿ, ಇದೇ ನನ್ನ ಎರಡನೇ ಮೆದುಳು’ ಅನ್ನುತ್ತಾರೆ. ಆ ಬಲೆ ನೋಡಿದರೆ ಏನು ಗೊತ್ತಾಗುತ್ತದೋ ತಿಳಿಯದು.

ಕೇಳಬೇಕಾದ್ದು ಇಷ್ಟು. ಹುಡುಕಿದರೆ ಸಿಗುವುದಕ್ಕೆ ಕೊಂಡಿ ಯಾಕೆ? ಹಾಕುವುದಾದರೆ 1200ಕ್ಕೂ ಹಾಕಬೇಕೆ? ಮತ್ತೆ ಕನ್ನಡದಲ್ಲಿ ಇದು ಸರಿಯಾಗಿ ಕೆಲಸ ಮಾಡುತ್ತದೆಯೇ? ವಿಭಕ್ತಿ ಸೇರಿದ ಕೂಡಲೇ ಪದದ ಕೊನೆಯೇ ಬದಲಾಗುತ್ತದಲ್ಲ.

ಸೂಚಿಕಾರ

ನಿಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. ಬೋರ್ಡೋ ದ್ರಾವಣದ ಟಿಪ್ಪಣಿ ಈಗ ಯಾವ ಫೋಲ್ಡರಿನಲ್ಲಿದೆ? ಅಡಿಕೆಯದರಲ್ಲೇ ಇರಬೇಕು, ಮಲೆನಾಡಿನಲ್ಲಿ ಬೋರ್ಡೋ ಅಂದರೆ ಕೊಳೆ ರೋಗದ ಔಷಧಿ. ಆದರೆ ಅದೇ ದ್ರಾವಣ ಕಾಳುಮೆಣಸಿನ ಶೀಘ್ರ ಸೊರಗಿಗೂ ಬೇಕು, ಕಾಫಿಯ ಎಲೆ ತುಕ್ಕಿಗೂ ಬೇಕು. ಮೂಲದಲ್ಲಿ ಅದು ದ್ರಾಕ್ಷಿಯ ಔಷಧಿ: 1885ರ ಹೊತ್ತಿಗೆ ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಅದನ್ನು ಬೆಳಕಿಗೆ ತಂದದ್ದು ದ್ರಾಕ್ಷಿಯ ಡೌನಿ ರೋಗಕ್ಕಾಗಿ. ಫೋಲ್ಡರ್ ಪದ್ಧತಿಯಲ್ಲಿ ಇಂಥ ಟಿಪ್ಪಣಿಯನ್ನು ಒಂದು ಕಡೆ ಇಟ್ಟು ಉಳಿದ ಕಡೆ ಮರೆಯಬೇಕು, ಇಲ್ಲವೇ ನಾಲ್ಕು ಕಡೆ ನಕಲು ಮಾಡಬೇಕು. ನಕಲು ಮಾಡಿದರೆ ಒಂದರಲ್ಲಿ ತಿದ್ದಿದ ಪ್ರಮಾಣ ಮೂರರಲ್ಲಿ ಹಳೆಯದಾಗಿಯೇ ಉಳಿಯುತ್ತದೆ.

ಫೋಲ್ಡರಿನ ಮಾತು ಬಿಟ್ಟು, ಒಂದೇ ಟಿಪ್ಪಣಿ ಹೀಗಿರಲಿ (ಜೋಡಿ ಚೌಕಾವರಣದೊಳಗಿನ ಹೆಸರು ಆ ಹೆಸರಿನ ಟಿಪ್ಪಣಿಗೆ ಕೊಂಡಿ):

> ಬೋರ್ಡೋ ದ್ರಾವಣ
>
> ಶೇ 1ಕ್ಕೆ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಮೈಲುತುತ್ತ 50 ಲೀಟರಿನಲ್ಲಿ, ಸುಣ್ಣ ಬೇರೆ 50 ಲೀಟರಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಪ್ಲಾಸ್ಟಿಕ್ ಡ್ರಮ್ ಬಳಸಬೇಕು, ಕಬ್ಬಿಣದ್ದು ಬೇಡ. ಹೊಳೆಯುವ ಚಾಕು ಅದ್ದಿದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು. ಮಾಡಿದ ದಿನವೇ ಹೊಡೆದು ಮುಗಿಸಬೇಕು.
>
> [[ಅಡಿಕೆ ಕೊಳೆ ರೋಗ]]: ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಗೊನೆಗೆ ಬೀಳಬೇಕು, ಸೋಗೆಗಲ್ಲ.
>
> [[ಕಾಳುಮೆಣಸು ಶೀಘ್ರ ಸೊರಗು]]: ರೋಗಾಣುವಿನ ಕುಲ ಅದೇ, ಆದರೆ ಮುಖ್ಯವಾಗಿ ಹರಡುವುದು ಮಣ್ಣಿನಿಂದ. ಬಳ್ಳಿಗೆ ಹೊಡೆದರಷ್ಟೇ ಸಾಲದು, ಬುಡಕ್ಕೂ ಔಷಧಿ ಹೋಗಬೇಕು.
>
> [[ಕಾಫಿ ಎಲೆ ತುಕ್ಕು]]: ಇಲ್ಲಿ ಶೇ 0.5. ರೋಗಾಣುವೂ ಬೇರೆ, ಇದು ನಿಜವಾದ ಶಿಲೀಂಧ್ರ.

ಪ್ರತಿ ಕೊಂಡಿಯ ಪಕ್ಕದಲ್ಲಿ ಒಂದೊಂದು ವಾಕ್ಯ ಇರುವುದನ್ನು ಗಮನಿಸಿ. ಆ ವಾಕ್ಯ ಮೊದಲಿನ ಟಿಪ್ಪಣಿಯಲ್ಲೂ ಇರಲಿಲ್ಲ, ಕೊಂಡಿ ಹೋಗುವ ಟಿಪ್ಪಣಿಯಲ್ಲೂ ಇರಲಿಲ್ಲ. ಎರಡನ್ನೂ ಎದುರಿಗಿಟ್ಟುಕೊಂಡು ‘ಇವೆರಡಕ್ಕೂ ಏನು ಸಂಬಂಧ’ ಎಂದು ಕೇಳಿಕೊಂಡಾಗ ಬಂದದ್ದು. ನನ್ನ ಅಭಿಪ್ರಾಯದಲ್ಲಿ ಕೊಂಡಿಯ ಬೆಲೆ ಮುಕ್ಕಾಲು ಪಾಲು ಆ ವಾಕ್ಯದಲ್ಲೇ ಇದೆ. ಬರಿಯ ಚೌಕಾವರಣ ಹಾಕಿ ಮುಂದೆ ಹೋದರೆ, ಆರು ತಿಂಗಳ ನಂತರ ನೋಡುವವರಿಗೆ ಅದನ್ನು ಯಾಕೆ ಹಾಕಿದ್ದೆಂದು ಗೊತ್ತಾಗುವುದಿಲ್ಲ.

ಹುಡುಕುಪೆಟ್ಟಿಗೆ

ಉದಾಹರಣೆ ಚೆನ್ನಾಗಿದೆ. ಆದರೆ ‘ಬೋರ್ಡೋ’ ಎಂದು ಹುಡುಕಿದರೂ ಆ ನಾಲ್ಕು ಟಿಪ್ಪಣಿ ಅರೆಕ್ಷಣದಲ್ಲಿ ಬರುತ್ತವಲ್ಲ? 1200 ಸಣ್ಣ ಕಡತ ಅಂದರೆ ಒಟ್ಟು ಕೆಲವೇ ಎಂಬಿ, ಹಳೆಯ ಲ್ಯಾಪ್‌ಟಾಪಿಗೂ ಅದು ಲೆಕ್ಕಕ್ಕಿಲ್ಲ. ಕೊಂಡಿ ಹಾಕುವುದಕ್ಕೆ ಹೊತ್ತು ಬೇಕು, ಹೆಸರು ಬದಲಾದರೆ ಕೊಂಡಿ ಮುರಿಯುತ್ತದೆ, ತಂತ್ರಾಂಶ ಬದಲಿಸಿದರೆ ಚೌಕಾವರಣಗಳು ಕಸವಾಗಿ ಉಳಿಯುತ್ತವೆ. ಇನ್ನು ಆ ಗ್ರಾಫ್: 300 ಟಿಪ್ಪಣಿ ದಾಟಿದ ಮೇಲೆ ಅದು ನೋಡಲು ಚೆಂದ, ಅಷ್ಟೇ.

ಸೂಚಿಕಾರ

ಗ್ರಾಫ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನದೂ ಸಹಿ. ಇಡೀ ಸಂಗ್ರಹದ ಗ್ರಾಫ್‌ಗೆ ಒಂದೇ ಉಪಯೋಗ: ಯಾವುದಕ್ಕೂ ಅಂಟದೆ ಉಳಿದ ಟಿಪ್ಪಣಿಗಳನ್ನು ಪತ್ತೆ ಹಚ್ಚುವುದು. ಫಿಲ್ಟರ್‌ನಲ್ಲಿ ಒಂಟಿ ಟಿಪ್ಪಣಿಗಳನ್ನು ತೋರಿಸುವ ಗುಂಡಿ ಇದೆ. ತೆರೆದಿರುವ ಒಂದು ಟಿಪ್ಪಣಿಯ ಸುತ್ತಲಿನ ಸ್ಥಳೀಯ ಗ್ರಾಫ್, ಆಳ 2ಕ್ಕೆ ಇಟ್ಟರೆ, ಸ್ವಲ್ಪ ವಾಸಿ.

ಹುಡುಕಾಟದ ಮಾತಿಗೆ ಬಂದರೆ: ಹುಡುಕಲು ಪದ ಗೊತ್ತಿರಬೇಕು. 1845ರಲ್ಲಿ ಐರ್ಲೆಂಡಿನಲ್ಲಿ ಕ್ಷಾಮಕ್ಕೆ ಕಾರಣವಾದ ಆಲೂಗಡ್ಡೆ ಅಂಗಮಾರಿಯ ಬಗ್ಗೆ ಒಂದು ಟಿಪ್ಪಣಿ ಇದೆ ಎಂದುಕೊಳ್ಳಿ. ಅದರಲ್ಲಿ ಅಡಿಕೆ, ಗೊನೆ, ಕೊಳೆ, ಮಲೆನಾಡು, ಯಾವ ಪದವೂ ಇಲ್ಲ. ಕೊಳೆ ರೋಗದ ಟಿಪ್ಪಣಿಯಲ್ಲಿ ಆಲೂಗಡ್ಡೆ ಇಲ್ಲ. ಎರಡೂ ಫೈಟಾಫ್ತೊರಾ ಕುಲದ ಕೆಲಸ; ಆ ಹೆಸರನ್ನು 1876ರಲ್ಲಿ ಕೊಟ್ಟವರು ಜರ್ಮನಿಯ ಡಿ ಬಾರಿ. ‘ಫೈಟಾಫ್ತೊರಾ’ ಎಂಬ ನಡುವಿನ ಟಿಪ್ಪಣಿ ಒಂದಿದ್ದು, ಎರಡಕ್ಕೂ ಅಲ್ಲಿಂದ ಕೊಂಡಿ ಇದ್ದರೆ, ಆಲೂಗಡ್ಡೆ ಬಗ್ಗೆ ಓದಿದ್ದು ಅಡಿಕೆಗೆ ಉಪಯೋಗಕ್ಕೆ ಬರುತ್ತದೆ.

ಹೇಗೆ ಅಂದರೆ, ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಊಮೈಸೀಟ್ ಎಂಬ ಬೇರೆ ಗುಂಪಿನದು. ಆದ್ದರಿಂದ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಅದಕ್ಕೆ ನಾಟುವುದಿಲ್ಲ. ಮೆಟಲಾಕ್ಸಿಲ್ ನಾಟುತ್ತದೆ, ಆದರೆ ಅದೇ ಮೆಟಲಾಕ್ಸಿಲ್ ಕಾಫಿ ತುಕ್ಕಿಗೆ ನಾಟುವುದಿಲ್ಲ. ಬೋರ್ಡೋದಲ್ಲಿರುವ ತಾಮ್ರ ಎರಡಕ್ಕೂ ಆದೀತು. ಇದನ್ನು ಒಂದು ಸಲ ನಡುವಿನ ಟಿಪ್ಪಣಿಯಲ್ಲಿ ಬರೆದರೆ ಅಡಿಕೆ, ಮೆಣಸು, ಆಲೂಗಡ್ಡೆ ಮೂರಕ್ಕೂ ಅನ್ವಯ. ಅಂಗಡಿಯವರು ಕೊಟ್ಟ ಯಾವ ಪುಡಿ ಯಾಕೆ ಕೆಲಸ ಮಾಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಅಡಿಕೆಯ ಫೋಲ್ಡರಿನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಇನ್ನೊಂದು, ತಿದ್ದುಪಡಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆ ರೋಗದ ಬಗ್ಗೆ ಬರೆದಾಗ ರೋಗಾಣುವಿನ ಜಾತಿಗೆ ಅಡಿಕೆಯ ಹೆಸರನ್ನೇ ಸೇರಿಸಲಾಗಿತ್ತು. ಇತ್ತೀಚಿನ ಬರಹಗಳಲ್ಲಿ ಫೈಟಾಫ್ತೊರಾ ಮೀಡಿಐ ಎಂದು ಕಾಣುವುದೇ ಹೆಚ್ಚು. ಹಳೆಯ ಹೆಸರನ್ನು ನಂಬಿ ಬರೆದ ಟಿಪ್ಪಣಿ ಯಾವುದೆಲ್ಲ ಎಂದು ತಿಳಿಯಲು ಆ ಟಿಪ್ಪಣಿಯ ಹಿಂಗೊಂಡಿಗಳ (ಅದಕ್ಕೆ ಕೊಂಡಿ ಹಾಕಿರುವ ಟಿಪ್ಪಣಿಗಳ) ಪಟ್ಟಿ ತೆರೆದರೆ ಸಾಕು. ಹುಡುಕಾಟ ಹೆಸರು ಬರೆದ ಕಡೆಯನ್ನಷ್ಟೇ ತೋರಿಸುತ್ತದೆ. ‘ಮೇಲೆ ಹೇಳಿದ ರೋಗಾಣು’ ಎಂದು ಬರೆದ ಕಡೆಯನ್ನು ತೋರಿಸುವುದಿಲ್ಲ.

ಹುಡುಕುಪೆಟ್ಟಿಗೆ

ಆ ಮಟ್ಟಿಗೆ ಒಪ್ಪಿದೆ. ಹಾಗಾದರೆ ನಿಮ್ಮ ಮಾತಿನ ಅರ್ಥ, ಪದ ಒಂದೇ ಇರುವ ಕಡೆ ಕೊಂಡಿ ಬೇಕಾಗಿಲ್ಲ, ಪದ ಬೇರೆಯಾಗಿ ವಿಷಯ ಒಂದಾಗಿರುವ ಕಡೆ ಬೇಕು ಎಂದಾಯಿತು. ಆಗ ಸಂಖ್ಯೆ ಬಹಳ ಇಳಿಯುತ್ತದೆ.

ಸೂಚಿಕಾರ

ಇಳಿಯಬೇಕು. ‘ಅಡಿಕೆ’ ಎಂಬ ಪದ ಬಂದಲ್ಲೆಲ್ಲ [[ಅಡಿಕೆ]] ಎಂದು ಹಾಕುವುದು ವಿಕಿಪೀಡಿಯದ ಓದುಗರಿಗೆ ಸರಿ, ಅವರಿಗೆ ಅಡಿಕೆ ಅಂದರೆ ಏನೆಂದು ಗೊತ್ತಿಲ್ಲದೆ ಇರಬಹುದು. ನಿಮ್ಮ ಟಿಪ್ಪಣಿಯ ಓದುಗರು ನೀವೊಬ್ಬರೇ.

ಚೀಟಿಪೆಟ್ಟಿಗೆ

ಈ ಚರ್ಚೆಯಲ್ಲಿ ಲೂಮನ್ ಹೆಸರು ಇನ್ನೂ ಬಂದಿಲ್ಲ ಎನ್ನುವುದೇ ಆಶ್ಚರ್ಯ. ಜರ್ಮನ್ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998) ಕಾಗದದ ಚೀಟಿಗಳಲ್ಲೇ ಇದನ್ನು ಮಾಡಿದವರು. 1950ರ ದಶಕದ ಆರಂಭದಿಂದ 1990ರ ದಶಕದವರೆಗೆ ಸುಮಾರು 90,000 ಚೀಟಿಗಳು: ಮೊದಲ ಸಂಗ್ರಹದಲ್ಲಿ ಸುಮಾರು 23,000, ಎರಡನೆಯದರಲ್ಲಿ 67,000. ಬೀಲೆಫೆಲ್ಡ್ ವಿಶ್ವವಿದ್ಯಾಲಯ 2011ರಲ್ಲಿ ಪೆಟ್ಟಿಗೆಗಳನ್ನು ಕೊಂಡಿತು, 2019ರಿಂದ ಚೀಟಿಗಳ ಚಿತ್ರಗಳು ಅಂತರ್ಜಾಲದಲ್ಲಿ ಸಿಗುತ್ತಿವೆ.

ಅವರ ಪದ್ಧತಿಯಲ್ಲಿ ಎರಡು ಕಟ್ಟಳೆಗಳನ್ನು ಎಲ್ಲರೂ ಹಾರಿಸಿ ಓದುತ್ತಾರೆ. ಒಂದು: ಚೀಟಿಗೆ ಸಂಖ್ಯೆ ಕೊಟ್ಟ ಮೇಲೆ ಅದು ಬದಲಾಗುವುದಿಲ್ಲ. 57/12ರ ಮುಂದುವರಿಕೆ 57/13. ಆದರೆ 57/12ರ ಒಂದು ಪದದಿಂದ ಹೊಸ ಯೋಚನೆ ಹೊರಟರೆ ಅದು 57/12ಎ ಆಗಿ ನಡುವೆ ಸೇರುತ್ತದೆ, ಅದರ ಕವಲು 57/12ಎ1. ಹೀಗೆ ಎಲ್ಲಿ ಬೇಕಾದರೂ ಒಳಗೆ ಬೆಳೆಯಬಹುದು, ಹಳೆಯ ಸಂಖ್ಯೆ ಒಂದೂ ಕದಲುವುದಿಲ್ಲ. ವಿಳಾಸ ಸ್ಥಿರವಾಗಿದ್ದರಿಂದಲೇ ದೂರದ ಚೀಟಿಯ ಸಂಖ್ಯೆಯನ್ನು ಧೈರ್ಯವಾಗಿ ಬರೆದಿಡಲು ಆಯಿತು. ಎರಡು: ವಿಷಯಸೂಚಿ ಬಹಳ ಜಿಪುಣತನದ್ದು. ಒಂದು ಪದಕ್ಕೆ ಅದು ಬರುವ ನೂರು ಚೀಟಿಗಳ ಸಂಖ್ಯೆ ಅಲ್ಲಿಲ್ಲ, ಬಹುತೇಕ ಒಂದೋ ಎರಡೋ ಮೂರೋ. ಅಲ್ಲಿಂದ ಒಳಗೆ ಇಳಿದರೆ ಉಳಿದ ದಾರಿಯನ್ನು ಚೀಟಿಗಳೇ ತೋರಿಸುತ್ತವೆ.

ಪೆಟ್ಟಿಗೆಯನ್ನು ತಮ್ಮ ಸಂವಾದದ ಜೊತೆಗಾರ ಎಂದು ಅವರು 1981ರ ಒಂದು ಪ್ರಬಂಧದಲ್ಲಿ ಕರೆದದ್ದು ಪ್ರಸಿದ್ಧ. ತಮಾಷೆಯೂ ಇತ್ತು: 9/8ಜೆ ಸಂಖ್ಯೆಯ ಚೀಟಿಯಲ್ಲಿ, ಉಳಿದೆಲ್ಲ ಚೀಟಿಗಳ ವಾದವನ್ನೂ ಸುಳ್ಳಾಗಿಸುವ ಒಂದು ಚೀಟಿ ಈ ಪೆಟ್ಟಿಗೆಯಲ್ಲಿದೆ, ಆದರೆ ಪೆಟ್ಟಿಗೆ ತೆರೆದ ಕೂಡಲೇ ಅದು ಮಾಯವಾಗುತ್ತದೆ ಎಂಬ ಅರ್ಥದ ಮಾತು ಬರೆದಿಟ್ಟಿದ್ದಾರೆ. ಪೆಟ್ಟಿಗೆಯನ್ನು ದೇವರು ಮಾಡುವವರು ಆ ಚೀಟಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಬರಹಪ್ರಿಯೆ

@ಚೀಟಿಪೆಟ್ಟಿಗೆ ಸರ್, ಸಾಧಾರಣ ನೋಟ್‌ಬುಕ್ಕಿನಲ್ಲಿ ಬರೆಯುವವರು ಇದನ್ನು ಮಾಡಬಹುದೇ?

ಚೀಟಿಪೆಟ್ಟಿಗೆ

ಧಾರಾಳವಾಗಿ, ಮೇಡಂ. ಪುಸ್ತಕಕ್ಕೆ ಒಂದು ಅಂಕಿ, ಪುಟಕ್ಕೆ ಒಂದು ಅಂಕಿ: 3/47 ಅಂದರೆ ಮೂರನೇ ಪುಸ್ತಕ, 47ನೇ ಪುಟ. ಪುಟದ ಹೊರ ಅಂಚಿನಲ್ಲಿ ಎರಡು ಬೆರಳು ಜಾಗ ಖಾಲಿ ಬಿಡಿ, ಕೊಂಡಿಗಳೆಲ್ಲ ಅಲ್ಲಿಗೆ. ತಂತ್ರಾಂಶದಲ್ಲಿ ಹಿಂಗೊಂಡಿ ತಾನಾಗಿ ಬರುತ್ತದೆ, ಕಾಗದದಲ್ಲಿ ಬರುವುದಿಲ್ಲ. 3/47ರಲ್ಲಿ ‘1/12 ನೋಡಿ’ ಎಂದು ಬರೆದ ಕ್ಷಣವೇ 1/12ಕ್ಕೆ ಹೋಗಿ ‘3/47’ ಎಂದು ಬರೆಯಬೇಕು. ನಾಳೆ ಬರೆದರಾಯಿತು ಅಂದರೆ ಅದು ಆಗುವುದಿಲ್ಲ. ಕೊನೆಯ ನಾಲ್ಕು ಪುಟ ಅಕಾರಾದಿ ಸೂಚಿಗೆ ಮೀಸಲಿಡಿ.

ಬೈಟುಲೆಕ್ಕ

ಮೂಲ ಪ್ರಶ್ನೆಯ ಕನ್ನಡದ ಭಾಗಕ್ಕೆ ಯಾರೂ ಕೈ ಹಾಕಿಲ್ಲ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದರ ಸುಳಿವೂ ಇರುವುದಿಲ್ಲವಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ವಿಭಕ್ತಿ. [[ಅಡಿಕೆ]]ಯ, [[ಬೋರ್ಡೋ ದ್ರಾವಣ]]ವನ್ನು ಎಂದು ಆವರಣ ಮುಚ್ಚಿದ ಮೇಲೆ ಪ್ರತ್ಯಯ ಬರೆದರೆ ಓದಲು ತೊಂದರೆಯಿಲ್ಲ, ಪ್ರತ್ಯಯದ ಬಣ್ಣ ಮಾತ್ರ ಬೇರೆ. ಉಕಾರಾಂತ ಪದಗಳಲ್ಲಿ ಇದು ನಡೆಯುವುದಿಲ್ಲ. ‘ಕಾಳುಮೆಣಸು’ ಷಷ್ಠಿಯಲ್ಲಿ ‘ಕಾಳುಮೆಣಸಿನ’ ಆಗುತ್ತದೆ, ಕೊನೆಯ ಉಕಾರವೇ ಹೋಯಿತು. ಆವರಣದ ಹೊರಗೆ ಗುಡಿಸಿನಿಂದ ಶುರು ಮಾಡಿದರೆ ಚುಕ್ಕೆಯ ವೃತ್ತ ಕಾಣಿಸುತ್ತದೆ. ಆಗ ನಡುಗೆರೆ ಬೇಕು: [[ಕಾಳುಮೆಣಸು|ಕಾಳುಮೆಣಸಿನ]]. ಎಡಕ್ಕೆ ಕಡತದ ಹೆಸರು, ಬಲಕ್ಕೆ ಕಾಣುವ ರೂಪ. ಸೂಚಿಕಾರರು ತೋರಿಸಿದ ಹಾಗೆ ಕೊಂಡಿಯನ್ನು ಪ್ರತ್ಯೇಕ ಸಾಲಿನಲ್ಲಿ, ಪ್ರಥಮಾ ವಿಭಕ್ತಿಯಲ್ಲಿ ಇಟ್ಟು ಮುಂದೆ ಕಾರಣ ಬರೆದರೆ ಈ ತಲೆಬಿಸಿಯೇ ಇಲ್ಲ. ಕನ್ನಡದಲ್ಲಿ ಬರೆಯುವವರಿಗೆ ಆ ಕ್ರಮ ಹೇಳಿ ಮಾಡಿಸಿದಂತಿದೆ.

ಹುಡುಕಾಟ. ‘ಕಾಳುಮೆಣಸು’ ಎಂದು ಪೂರ್ತಿ ಕೊಟ್ಟರೆ ‘ಕಾಳುಮೆಣಸಿನ’, ‘ಕಾಳುಮೆಣಸಿಗೆ’ ಯಾವುದೂ ಬರುವುದಿಲ್ಲ. ಕೊನೆಯ ಸ್ವರಚಿಹ್ನೆ ಬಿಟ್ಟು ‘ಕಾಳುಮೆಣಸ’ ಎಂದು ಕೊಡಿ, ಎಲ್ಲ ರೂಪಗಳೂ ಬರುತ್ತವೆ. ವ್ಯಂಜನಾಂತ ಪದಗಳಿಗೂ ಹಾಗೆಯೇ: ‘ಕಾಪರ್’ ಎಂದರೆ ‘ಕಾಪರಿನ’ ಸಿಗದು, ‘ಕಾಪರ’ ಎಂದರೆ ಎರಡೂ ಸಿಗುತ್ತವೆ. ಕೊಂಡಿ ಹಾಕದೆ ಬಿಟ್ಟ ಉಲ್ಲೇಖಗಳನ್ನು ತೋರಿಸುವ ಪಟ್ಟಿಯೂ ಶೀರ್ಷಿಕೆಯ ಅಕ್ಷರಗಳನ್ನೇ ನೋಡುವುದರಿಂದ ಕನ್ನಡದಲ್ಲಿ ಅರ್ಧಂಬರ್ಧ ಕೆಲಸ ಮಾಡುತ್ತದೆ. ‘ಕೊಳೆ ರೋಗ’, ‘ಕೊಳೆರೋಗ’ ನಡುವಿನ ಒಂದು ಜಾಗವೇ ಅದಕ್ಕೆ ಸಾಕು ಎಡವಲು.

ಪರ್ಯಾಯ ಹೆಸರು. ಕಡತದ ತಲೆಯ ಗುಣಲಕ್ಷಣಗಳ ಭಾಗದಲ್ಲಿ ಬೇರೆ ಹೆಸರುಗಳನ್ನು ಕೊಡುವ ಸೌಲಭ್ಯ ಇದೆ. ಬೋರ್ಡೋ ಟಿಪ್ಪಣಿಗೆ ‘ಬೋರ್ಡೊ’, ‘ಬೋರ್ಡೋ ಮಿಶ್ರಣ’, ‘ಮೈಲುತುತ್ತ ಸುಣ್ಣ’ ಮೂರನ್ನೂ ಹಾಕಿ. ಕೊಂಡಿ ಹಾಕುವಾಗ ಯಾವುದನ್ನು ಬೆರಳಚ್ಚಿಸಿದರೂ ಅದೇ ಕಡತ ಮೇಲೆ ಬರುತ್ತದೆ. ಹಾಕದಿದ್ದರೆ ಏನಾಗುತ್ತದೆ? ಹ್ರಸ್ವ ದೀರ್ಘ ಬದಲಾದ ಒಂದು ಕೊಂಡಿ, ಇನ್ನೂ ಹುಟ್ಟದೇ ಇರುವ ಕಡತವನ್ನು ತೋರಿಸುತ್ತದೆ, ಅದರ ಮೇಲೆ ಒತ್ತಿದರೆ ಖಾಲಿ ಕಡತ ಹುಟ್ಟುತ್ತದೆ, ಅಲ್ಲಿಂದ ಮುಂದೆ ಎರಡು ಬೋರ್ಡೋಗಳ ಸಂಸಾರ.

ಒಂದೇ ಥರ ಕಂಡರೂ ಬೇರೆಯಾದ ಅಕ್ಷರಗಳು. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರಿನ ಅಕ್ಷರ ಸಂಕೇತಗಳ ಪದ್ಧತಿಯಲ್ಲಿ, ‘ೋ’ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಣುಕುಗಳ ಸರಣಿಯಾಗಿಯೂ ಇರಬಹುದು. ‘ೀ’, ‘ೇ’, ‘ೈ’, ‘ೊ’ ಇವಕ್ಕೆ ಎರಡು ತುಣುಕು. ಕಣ್ಣಿಗೆ ವ್ಯತ್ಯಾಸವಿಲ್ಲ. ‘ಬೋರ್ಡೋ ದ್ರಾವಣ’ ಎಂಬ ಕಡತದ ಹೆಸರು, ಕೊನೆಯ .md ವಿಸ್ತರಣೆ ಸೇರಿ, ಕೂಡಿದ ರೂಪದಲ್ಲಿ 40 ಬೈಟು, ಒಡೆದ ರೂಪದಲ್ಲಿ 52 ಬೈಟು. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಒಡೆದೇ ಇಡುತ್ತಿತ್ತು. ಅಲ್ಲಿಂದ ಜಿಪ್ ಮಾಡಿ ಲಿನಕ್ಸ್‌ಗೆ ತಂದರೆ ಬೈಟು ಹೋಲಿಸುವ ಸ್ಕ್ರಿಪ್ಟ್‌ಗಳಿಗೆ ಅದು ಬೇರೆಯೇ ಕಡತ. ಕೆಲವು ಟಿಪ್ಪಣಿ ತಂತ್ರಾಂಶಗಳು ತಾವೇ ಸರಿಮಾಡಿಕೊಳ್ಳುತ್ತವೆ, ಎಲ್ಲವೂ ಅಲ್ಲ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ ಕಡತದ ಹೆಸರು, ಒಳಗಿನ ಪಠ್ಯ ಎರಡನ್ನೂ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತಂದುಬಿಡಿ. ಹೆಸರು ಮಾತ್ರ ತಿದ್ದಿ ಪಠ್ಯ ಬಿಟ್ಟರೆ ಇದ್ದ ಕೊಂಡಿಗಳೂ ತಪ್ಪಿಹೋಗಬಹುದು.

ಕಾಣದ ಅಕ್ಷರ. ‘ಡ್ರಿಪ್‌ನಲ್ಲಿ’ ಎಂದು ಬರೆಯುವಾಗ ಪ ಒತ್ತಿಗೆ ನ ಕೂಡಿಕೊಳ್ಳದಿರಲಿ ಎಂದು ನಡುವೆ ಅಗಲದ ಅಳತೆಯೇ ಇಲ್ಲದ ಒಂದು ಚಿಹ್ನೆ ಹಾಕುತ್ತೇವಲ್ಲ, ಪಠ್ಯದಿಂದ ‘ಡ್ರಿಪ್’ ಅಷ್ಟನ್ನೇ ಆಯ್ದು ನಕಲು ಮಾಡಿದರೆ ಆ ಚಿಹ್ನೆ ಬಾಲದಂತೆ ಜೊತೆಗೆ ಬರುತ್ತದೆ. ಶೀರ್ಷಿಕೆಗೆ ಅಂಟಿಸಿದಿರೋ, ಮುಂದೆ ಕೈಯಾರೆ ಬೆರಳಚ್ಚಿಸಿದ ‘ಡ್ರಿಪ್’ ಅದಕ್ಕೆ ಹೊಂದುವುದೇ ಇಲ್ಲ. ‘ರ‍್ಯಾಂಕ್’ ಥರದ ಪದಗಳಲ್ಲೂ ಇದೇ ಗೋಳು, ಕೀಲಿಮಣೆಗೊಂದು ಕ್ರಮ. ಶೀರ್ಷಿಕೆಯನ್ನು ಯಾವಾಗಲೂ ಬೆರಳಚ್ಚಿಸಿ, ಅಂಟಿಸಬೇಡಿ.

ಉದ್ದ. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ 255 ಬೈಟು ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು, ‘ಕ್ಷ’ ಎಂಬ ಒಂದೇ ಅಕ್ಷರಕ್ಕೆ 9. ವಿಸ್ತರಣೆಯ 3 ಬೈಟು ಕಳೆದರೆ 84 ಸಂಕೇತಗಳಿಗೆ ಗಡಿ ಮುಟ್ಟುತ್ತದೆ, ಅಂದರೆ ಹೆಚ್ಚೆಂದರೆ ಹತ್ತು ಹನ್ನೊಂದು ಪದ. ಇಡೀ ವಾಕ್ಯವನ್ನೇ ಶೀರ್ಷಿಕೆ ಮಾಡಿ ಎಂಬ ಇಂಗ್ಲಿಷ್ ಸಲಹೆಯನ್ನು ಯಥಾವತ್ ಪಾಲಿಸಿದರೆ ವಿಂಡೋಸ್‌ನಲ್ಲಿ ಮಾಡಿದ ಕಡತ ಲಿನಕ್ಸ್‌ಗೆ ನಕಲಾಗದೆ ನಿಲ್ಲುತ್ತದೆ. ಐದಾರು ಪದ ಸಾಕು.

ಕಡತಗಟ್ಟು

ಬೈಟುಲೆಕ್ಕ ಅವರೇ, ತುಂಬಾ ಉಪಕಾರವಾಯಿತು. ಹಾಗಾದರೆ ಶೀರ್ಷಿಕೆಯ ಬದಲು 202506141030 ಥರ ದಿನಾಂಕ ಮತ್ತು ಸಮಯದ ಹನ್ನೆರಡು ಅಂಕಿಯನ್ನೇ ಕಡತದ ಹೆಸರು ಮಾಡಿದರೆ ಈ ಎಲ್ಲ ತಾಪತ್ರಯ ತಪ್ಪುತ್ತದಲ್ಲವೇ?

ಬೈಟುಲೆಕ್ಕ

ಅಕ್ಷರದ ತಾಪತ್ರಯ ತಪ್ಪುತ್ತದೆ, ಓದುವ ತಾಪತ್ರಯ ಶುರುವಾಗುತ್ತದೆ. [[202506141030]] ಎಂದು ನೋಡಿದರೆ ಯಾವುದೆಂದು ಯಾರಿಗೆ ನೆನಪಿರುತ್ತದೆ? ಅಂಕಿ ಇಟ್ಟು ಪರ್ಯಾಯ ಹೆಸರಿನಲ್ಲಿ ಕನ್ನಡ ಶೀರ್ಷಿಕೆ ಕೊಡುವುದು ನಡುದಾರಿ. ಆಗ ಪ್ರತಿ ಕೊಂಡಿಗೂ ನಡುಗೆರೆಯ ಬಲಬದಿ ತುಂಬಬೇಕು. ಪರ್ಯಾಯ ಹೆಸರನ್ನು ಪಟ್ಟಿಯಿಂದ ಆರಿಸಿದರೆ ಅಬ್ಸಿಡಿಯನ್ ತಾನೇ ತುಂಬುತ್ತದೆ. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಆರ್ಗ್‌ರೋಮ್ ಬಳಸುವವರಿಗೆ ಈ ಪ್ರಶ್ನೆಯೇ ಇಲ್ಲ: ಅಲ್ಲಿ ಪ್ರತಿ ಟಿಪ್ಪಣಿಗೆ ಒಳಗೇ ಒಂದು ಸ್ಥಿರ ಗುರುತು ಇರುತ್ತದೆ, ಶೀರ್ಷಿಕೆ ಎಷ್ಟು ಸಲ ಬದಲಿಸಿದರೂ ಕೊಂಡಿ ಗುರುತನ್ನೇ ಹಿಡಿದಿರುತ್ತದೆ. 1200 ಟಿಪ್ಪಣಿಗೆ, ಒಬ್ಬರೇ ಬಳಸುವುದಕ್ಕೆ, ಚಿಕ್ಕ ಕನ್ನಡ ಶೀರ್ಷಿಕೆಯೇ ಸರಿ ಎಂದು ನನಗನ್ನಿಸುತ್ತದೆ.

ಹುಡುಕುಪೆಟ್ಟಿಗೆ

ತಂತ್ರಾಂಶ ಬದಲಿಸಿದರೆ ಏನಾಗುತ್ತದೆ ಎಂದು ಕೇಳಿದ್ದೆ.

ಬೈಟುಲೆಕ್ಕ

ಚೌಕಾವರಣ ಮಾರ್ಕ್‌ಡೌನ್‌ನ ಮೂಲ ನಿಯಮದಲ್ಲಿಲ್ಲ. ಆದರೆ ಲಾಗ್‌ಸೀಕ್, ಜೆಟ್ಲರ್, ಟಿಡ್ಲಿವಿಕಿ ಮುಂತಾದ ಟಿಪ್ಪಣಿ ತಂತ್ರಾಂಶಗಳೂ ಅದನ್ನೇ ಓದುತ್ತವೆ. ನಡುಗೆರೆಯ ವಿಷಯದಲ್ಲಿ ಎಚ್ಚರ: ಟಿಡ್ಲಿವಿಕಿಯಲ್ಲಿ ಕಾಣುವ ಪಠ್ಯ ಎಡಕ್ಕೆ, ಕಡತದ ಹೆಸರು ಬಲಕ್ಕೆ, ಅಂದರೆ ತಿರುವುಮುರುವು. ಬೇಕಿದ್ದರೆ ಅಬ್ಸಿಡಿಯನ್‌ನ ಸೆಟ್ಟಿಂಗ್ಸ್‌ನಲ್ಲಿ ಚೌಕಾವರಣ ಬಿಟ್ಟು ಸಾಮಾನ್ಯ ಮಾರ್ಕ್‌ಡೌನ್ ಕೊಂಡಿಗೆ ಬದಲಾಯಿಸಬಹುದು, ಅದು ಎಲ್ಲೆಡೆ ನಡೆಯುತ್ತದೆ. ಆದರೆ ವೆಬ್ ವಿಳಾಸದ ರೂಪಕ್ಕೆ ಹೋದಾಗ ಕನ್ನಡದ ಪ್ರತಿ ಸಂಕೇತಕ್ಕೂ ಶೇಕಡಾ ಚಿಹ್ನೆಗಳ 9 ಅಕ್ಷರ ಬರುತ್ತದೆ, ‘ಅಡಿಕೆ’ ಒಂದಕ್ಕೇ 45. ಕಣ್ಣಿಂದ ಓದುವ ಮಾತೇ ಇಲ್ಲ.

ತೋಟದಲೆಕ್ಕ

ಟ್ಯಾಗ್ ಬಗ್ಗೆ ಯಾರೂ ಮಾತಾಡಲಿಲ್ಲ. ಅಡಿಕೆ, ಮೆಣಸು ಎರಡಕ್ಕೂ ‘ಫೈಟಾಫ್ತೊರಾ’ ಎಂಬ ಟ್ಯಾಗ್ ಹಾಕಿದರೆ ನಡುವಿನ ಟಿಪ್ಪಣಿಯ ಕೆಲಸ ಮುಗಿಯಿತಲ್ಲ?

ಸೂಚಿಕಾರ

ಟ್ಯಾಗ್ ಗುಂಪು ಮಾಡುತ್ತದೆ, ಅಷ್ಟೇ. ‘ಈ ಏಳು ಟಿಪ್ಪಣಿ ಒಂದೇ ಗುಂಪು’ ಎಂದು ಹೇಳಬಲ್ಲದು, ‘ಕುಲ ಒಂದೇ ಆದರೂ ಇದು ಮಣ್ಣಿನಿಂದ ಬರುತ್ತದೆ, ಅದು ಮಳೆಹನಿಯಿಂದ ಗೊನೆಗೆ ಏರುತ್ತದೆ’ ಎಂದು ಹೇಳಲಾರದು. ಕಾರಣ ಬರೆಯಲು ಟ್ಯಾಗ್‌ನಲ್ಲಿ ಜಾಗವೇ ಇಲ್ಲ. ಟ್ಯಾಗ್ ಅನ್ನು ಸ್ಥಿತಿಗೆ ಬಳಸಿ: ಪರಿಶೀಲಿಸಬೇಕು, ಅರ್ಧ ಬರೆದದ್ದು, ತೋಟದಲ್ಲಿ ನೋಡಬೇಕು. ವಿಷಯಕ್ಕೆ ಕೊಂಡಿ.

ಒಂದು ಮಿತಿಯನ್ನೂ ಹೇಳಬೇಕು. ‘ಅಡಿಕೆ’ ಎಂಬ ಟಿಪ್ಪಣಿಗೆ 150 ಹಿಂಗೊಂಡಿ ಬಂದಾಗ ಆ ಪಟ್ಟಿಯೂ ಹುಡುಕಾಟದ ಫಲಿತಾಂಶದಷ್ಟೇ ನಿರುಪಯೋಗಿ. ಮೂವತ್ತು ದಾಟಿದರೆ ಆ ಟಿಪ್ಪಣಿಯನ್ನು ಕೈಯಾರೆ ಬರೆದ ಸೂಚಿಪುಟ ಮಾಡಿ. ಅಕಾರಾದಿಯಾಗಿ ಬೇಡ, ಓದುವ ಕ್ರಮದಲ್ಲಿ: ಮೊದಲು ರೋಗದ ಲಕ್ಷಣ, ಆಮೇಲೆ ಕಾರಣ, ಆಮೇಲೆ ಔಷಧಿ, ಕೊನೆಗೆ ವಿವಾದ ಇರುವವು. ಅಮೆರಿಕದ ವನೆವರ್ ಬುಷ್ 1945ರಲ್ಲಿ ಮೆಮೆಕ್ಸ್ ಎಂಬ ಕಲ್ಪನೆಯ ಯಂತ್ರದ ಬಗ್ಗೆ ಬರೆದಾಗ ಒತ್ತು ಕೊಟ್ಟದ್ದೂ ಹೀಗೆ ಸಾಲಾಗಿ ಹೆಣೆದ ಜಾಡುಗಳಿಗೇ. ಕ್ರಮ ಇದ್ದರೆ ಅದನ್ನು ಇನ್ನೊಬ್ಬರಿಗೂ ಕೊಡಬಹುದು.

ಕಡತಗಟ್ಟು

ಈಗ 1200ರ ಪ್ರಶ್ನೆ. ಶೀರ್ಷಿಕೆ ಕಂಡಲ್ಲೆಲ್ಲ ತಾನಾಗಿ ಕೊಂಡಿ ಹಾಕುವ ಪ್ಲಗಿನ್‌ಗಳಿವೆಯಂತೆ. ಅದರಿಂದ ಶುರು ಮಾಡಲೇ?

ಸೂಚಿಕಾರ

ಬೇಡವೇ ಬೇಡ. ಮೊದಲನೆಯದಾಗಿ ಕಾರಣದ ವಾಕ್ಯ ಅದಕ್ಕೆ ಬರೆಯಲು ಬರುವುದಿಲ್ಲ. ಎರಡನೆಯದಾಗಿ ಕನ್ನಡದಲ್ಲಿ ‘ಬಾಳೆ’ ಎಂಬ ಶೀರ್ಷಿಕೆಯಿದ್ದರೆ ‘ಬಾಳೆಲೆ’ಯ ಒಳಗೂ ಆವರಣ ನುಗ್ಗಿಸುವ ಸಾಧ್ಯತೆ ಇದೆ. ಸಾವಿರ ಕೊಂಡಿ ಹುಟ್ಟಿದ ಮೇಲೆ ಕೈಯಲ್ಲಿ ಹಾಕಿದ ನಲವತ್ತು ಒಳ್ಳೆಯ ಕೊಂಡಿಗಳನ್ನು ಅದರೊಳಗೆ ಹುಡುಕುವುದು ಹೇಗೆ?

ಫೋಲ್ಡರುಗಳನ್ನು ಹಾಗೇ ಬಿಡಿ, ಕೊಂಡಿಗೆ ಅವು ಅಡ್ಡಿಯಲ್ಲ. ಮೊದಲು ಪೂರ್ತಿ ಒಂದು ಪ್ರತಿ ಬೇರೆಡೆ ನಕಲು ಮಾಡಿಡಿ. ಆಮೇಲೆ ನಿಯಮ ಒಂದೇ: ಕೆಲಸಕ್ಕಾಗಿ ತೆರೆದ ಟಿಪ್ಪಣಿಗೆ ಮಾತ್ರ ಕೊಂಡಿ. ಮೆಣಸಿನ ಬಗ್ಗೆ ಏನೋ ನೋಡಲು ತೆರೆದಿರಿ, ಮುಚ್ಚುವ ಮೊದಲು ಕೇಳಿಕೊಳ್ಳಿ: ಇದು ಯಾವುದರ ಹಾಗಿದೆ, ಯಾವುದಕ್ಕೆ ವಿರುದ್ಧ, ಯಾವುದು ಗೊತ್ತಿಲ್ಲದೆ ಇದು ಅರ್ಥವಾಗದು? ಉತ್ತರ ಬಂದರೆ ಒಂದೋ ಎರಡೋ ಕೊಂಡಿ, ಕಾರಣದ ಜೊತೆ. ಬಾರದಿದ್ದರೆ ಮುಚ್ಚಿ. ತೆರೆಯದೇ ಬಿದ್ದಿರುವ 800 ಟಿಪ್ಪಣಿಗೆ ಕೊಂಡಿ ಬೇಕಾಗಿಯೇ ಇಲ್ಲ.

ವಿರುದ್ಧ ಎಂಬುದನ್ನು ಮರೆಯಬೇಡಿ. ಒಂದು ಕರಪತ್ರ ಒಂದು ಪ್ರಮಾಣ ಹೇಳುತ್ತದೆ, ಇನ್ನೊಂದು ಬೇರೆ ಹೇಳುತ್ತದೆ. ಎರಡೂ ಬೇರೆ ಬೇರೆ ಟಿಪ್ಪಣಿಯಲ್ಲಿದ್ದರೆ ಜಗಳ ಕಾಣುವುದೇ ಇಲ್ಲ. ನಡುವೆ ‘ಇದರೊಂದಿಗೆ ಹೊಂದುವುದಿಲ್ಲ’ ಎಂಬ ಕೊಂಡಿ ಬಿದ್ದರೆ ಮುಂದಿನ ಸಲ ತೆರೆದಾಗ ಕಣ್ಣಿಗೆ ಬೀಳುತ್ತದೆ.

ತೋಟದಲೆಕ್ಕ

ಕಡತದ ಹೆಸರು ಬದಲಿಸುವುದಿದ್ದರೆ ತಂತ್ರಾಂಶದ ಒಳಗಿಂದಲೇ ಬದಲಿಸಿ. ಹೊರಗಿನ ಫೈಲ್ ಮ್ಯಾನೇಜರ್‌ನಿಂದ ಬದಲಿಸಿದರೆ ಕೊಂಡಿಗಳು ಹಿಂದೆ ಬರುವುದಿಲ್ಲ. ಒಳಗಿಂದ ಬದಲಿಸಿದರೆ ಎಲ್ಲ ಕಡೆ ತಾನೇ ತಿದ್ದುತ್ತದೆ. ಫೋನಿನಲ್ಲಿ ಸಿಂಕ್ ಅರ್ಧದಲ್ಲಿರುವಾಗ ಮಾತ್ರ ಹೆಸರು ಮುಟ್ಟಬೇಡಿ.

ಕಡತಗಟ್ಟು

ಸರಿ, ಬೋರ್ಡೋದಿಂದಲೇ ಶುರು ಮಾಡುತ್ತೇನೆ. ಕೊನೆಯದೊಂದು: ಕಾಫಿ ಟಿಪ್ಪಣಿಯಲ್ಲಿ ಬೋರ್ಡೋ ಟಿಪ್ಪಣಿಯನ್ನೇ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಒಳಗೆ ಕಾಣುವಂತೆ ಮಾಡಿದರೆ ಪ್ರಮಾಣ ಎರಡೆರಡು ಕಡೆ ಬರೆಯುವುದು ತಪ್ಪುತ್ತದೆಯೇ?

ಬೈಟುಲೆಕ್ಕ

ಇಡೀ ಟಿಪ್ಪಣಿಯನ್ನು ಹಾಗೆ ತಂದರೆ ಕಾಫಿ ಪುಟದಲ್ಲಿ ಮೊದಲು ಕಾಣುವುದು ಶೇ 1ರ ಪ್ರಮಾಣ, ಅವಸರದಲ್ಲಿ ಅದನ್ನೇ ಕಲಸುತ್ತಾರೆ. ಬೋರ್ಡೋ ಟಿಪ್ಪಣಿಯಲ್ಲಿ ಎರಡು ಉಪಶೀರ್ಷಿಕೆ ಮಾಡಿ: ‘ಶೇ 1 ಪ್ರಮಾಣ’, ‘ಶೇ 0.5 ಪ್ರಮಾಣ’. ಎರಡನೆಯದರಲ್ಲಿ ಮೈಲುತುತ್ತ 500 ಗ್ರಾಂ, ಸುಣ್ಣ 500 ಗ್ರಾಂ, ನೀರು 100 ಲೀಟರ್. ಕಾಫಿ ಟಿಪ್ಪಣಿಯಲ್ಲಿ ![[ಬೋರ್ಡೋ ದ್ರಾವಣ#ಶೇ 0.5 ಪ್ರಮಾಣ]] ಎಂದು ಹಾಕಿದರೆ ಆ ಭಾಗ ಮಾತ್ರ ಬರುತ್ತದೆ.

ಉಪಶೀರ್ಷಿಕೆಯನ್ನು ಆಮೇಲೆ ಸುಮ್ಮನೆ ಅಳಿಸಿ ಬರೆದರೆ ಆ ಕೊಂಡಿ ಮುರಿಯುತ್ತದೆ. ಅದರ ಮೇಲೆ ಬಲಗುಂಡಿ ಒತ್ತಿ ಉಪಶೀರ್ಷಿಕೆಯ ಹೆಸರು ಬದಲಿಸುವ ಆಯ್ಕೆ ಬಳಸಿ. ಒಂದೇ ಪ್ಯಾರಾಗೆ ಕೊಂಡಿ ಬೇಕಿದ್ದರೆ ಪ್ಯಾರಾದ ಕೊನೆಯಲ್ಲಿ ^ ಚಿಹ್ನೆಯ ಮುಂದೆ ಗುರುತು ಬರೆಯಬೇಕು, ಅಬ್ಸಿಡಿಯನ್‌ನಲ್ಲಿ ಆ ಗುರುತು ಕನ್ನಡದಲ್ಲಿ ಇರುವಂತಿಲ್ಲ. ^0501 ಥರ ಅಂಕಿ ಕೊಡಿ, ಮತ್ತು ^ ಮುಂಚೆ ಒಂದು ಜಾಗ ಬಿಡಿ.